ಫಿಟ್ಸ್ ಗುಳಿಗೆ: ಬೆಲೆ ಇಳಿಸಿ, ಡೋಸ್ ಇಳಿಸಬೇಡಿ

ಜ್ವರದ ಗುಳಿಗೆ ಮೂರು ದಿನಕ್ಕೆ ಮುಗಿಯುತ್ತದೆ. ಫಿಟ್ಸ್ ಗುಳಿಗೆಯ ಲೆಕ್ಕ ಬೇರೆ. ಕೊನೆಯ ಫಿಟ್ಸ್ ಬಂದು ಕನಿಷ್ಠ ಎರಡು ವರ್ಷವಾದರೂ ಕಳೆಯುವವರೆಗೆ ದಿನಾ ನುಂಗಬೇಕು, ಕೆಲವರು ಬದುಕಿಡೀ. ರಾಯಚೂರು ಜಿಲ್ಲೆಯ ಕಲ್ಲೂರಿನಂಥ ಊರಲ್ಲಿ ಕೂಲಿಯ ಮೇಲೆ ನಡೆಯುವ ಮನೆಗೆ ಇದು ಕಿರಾಣಿಯ ಹಾಗೆ ತಿಂಗಳು ತಿಂಗಳೂ ಬರುವ ಖರ್ಚು. ಹತ್ತಿ ಬಿಡಿಸುವ ಕೆಲಸ ಇದ್ದಾಗ ಹೇಗೋ ಸಾಗುತ್ತದೆ. ಕೆಲಸ ನಿಂತ ತಿಂಗಳಲ್ಲಿ ಎರಡು ಹೊತ್ತಿನ ಗುಳಿಗೆ ಒಂದು ಹೊತ್ತಿಗೆ ಇಳಿಯುತ್ತದೆ. ‘ಫಿಟ್ಸ್ ಬಂದು ವರ್ಷಾತು, ಇನ್ಯಾಕ ಬೇಕು ಗುಳಿಗಿ’ ಎಂದು ಮನೆಯ ಹಿರಿಯರು ದನಿಗೂಡಿಸುತ್ತಾರೆ. ವರ್ಷದಿಂದ ಫಿಟ್ಸ್ ಬಾರದಂತೆ ತಡೆದದ್ದೇ ಆ ಗುಳಿಗೆ ಎಂಬುದು ಆ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ.

ಈ ಉಳಿತಾಯ ಮಾತ್ರ ಬೇಡವೇ ಬೇಡ. ಗುಳಿಗೆಯನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಒಂದರ ಹಿಂದೊಂದು ಬರುತ್ತಾ ನಿಲ್ಲದೇ ಹೋಗಬಹುದು. 5 ನಿಮಿಷ ಮೀರಿಯೂ ಸೆಳೆತ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಬೇಕು, ಆಮೇಲಿನದು ಐಸಿಯು ಖರ್ಚು. ಅದರ ಒಂದು ದಿನದ ಬಿಲ್ಲಿನಲ್ಲಿ ಎಷ್ಟು ತಿಂಗಳ ಗುಳಿಗೆ ಬರುತ್ತಿತ್ತು ಎಂದು ಲೆಕ್ಕ ಹಾಕಲು ಅಂಥ ಸಂದರ್ಭದಲ್ಲಿ ಯಾರಿಗೂ ಮನಸ್ಸಿರುವುದಿಲ್ಲ. ಆದ್ದರಿಂದ ಈ ಅಧ್ಯಾಯದಲ್ಲಿ ಡೋಸ್ ಮುಟ್ಟದೆ ಬೆಲೆ ಇಳಿಸುವ ದಾರಿಗಳನ್ನಷ್ಟೇ ನೋಡೋಣ.

ಮೊದಲು ನಿಮ್ಮ ಮನೆಯಲ್ಲಿರುವ ಗುಳಿಗೆ ಪಟ್ಟಿಯನ್ನು ತಿರುಗಿಸಿ ಹಿಡಿಯಿರಿ. ದಪ್ಪಕ್ಷರದಲ್ಲಿ ಹೊಳೆಯುವುದು ಕಂಪನಿ ಇಟ್ಟ ಹೆಸರು. ಅದರ ಹತ್ತಿರ ಸಣ್ಣಕ್ಷರದಲ್ಲಿ ‘ಲೆವೆಟಿರಾಸಿಟಾಮ್ ಟ್ಯಾಬ್ಲೆಟ್ಸ್ ಐಪಿ 500 ಮಿಗ್ರಾಂ’ ಎಂದೋ ‘ಕಾರ್ಬಮಜೆಪಿನ್ 200’ ಎಂದೋ ಇರುತ್ತದಲ್ಲ, ಅದೇ ಔಷಧ. ಅಂಗಡಿಯವರ ಬಾಯಲ್ಲಿ ‘ಸಾಲ್ಟ್’. ಐಪಿ ಎಂದರೆ ಭಾರತೀಯ ಔಷಧ ಸಂಹಿತೆಯ ಗುಣಮಟ್ಟಕ್ಕೆ ಒಳಪಟ್ಟದ್ದು. ಪಕ್ಕದಲ್ಲಿ ಬ್ಯಾಚ್ ನಂಬರ್, ಮುಗಿಯುವ ತಾರೀಕು, ಎಂಆರ್‌ಪಿ. ಇಂಗ್ಲಿಷ್ ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳ ಕೈಲಿ ಸಾಲ್ಟ್ ಹೆಸರನ್ನು, ಎಷ್ಟು ಮಿಗ್ರಾಂ ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ಇನ್ನು ಮುಂದಿನ ಕೆಲಸವೆಲ್ಲ ಈ ಚೀಟಿಯಿಂದಲೇ.

ಅಂಗಡಿಯಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ.

‘ಅಣ್ಣಾರ, ಇದ ಔಷಧ ಸೋವಿ ಕಂಪನೀದು ಐತೇನ್ರಿ?’

‘ಐತಿ ಯಮ್ಮಾ. ಆದ್ರ ಡಾಕ್ಟರ್ ಇದನ್ನ ಬರದಾರ, ನಾ ಬದಲಿ ಕೊಡಂಗಿಲ್ಲ.’

ಅಂಗಡಿಯವರು ಸುಮ್ಮನೆ ಹೇಳುವ ಮಾತಲ್ಲ ಇದು. ಡಾಕ್ಟರ ಚೀಟಿಯಲ್ಲಿ ಬರೆದ ಔಷಧದ ಬದಲು ಬೇರೊಂದನ್ನು ತಾವಾಗಿ ಕೊಡುವುದಕ್ಕೆ ಔಷಧ ನಿಯಮಗಳಲ್ಲಿ ಅವಕಾಶವಿಲ್ಲ. ಹಾಗಾಗಿ ಬೆಲೆಯ ಮಾತನ್ನು ಎತ್ತಬೇಕಾದದ್ದು ಡಾಕ್ಟರ ಮುಂದೆ. ‘ಸರ್, ಸಾಲ್ಟ್ ಹೆಸರು ಬರದು ಕೊಡ್ರಿ, ಜನೌಷಧಿಯಾಗ ತಗೋತೀವಿ’ ಎನ್ನಲು ಸಂಕೋಚ ಬೇಡ. ಔಷಧವನ್ನು ಜನರಿಕ್ ಹೆಸರಿನಲ್ಲಿ, ಅಂದರೆ ಸಾಲ್ಟ್ ಹೆಸರಿನಲ್ಲಿ, ಓದಲು ಬರುವಂತೆ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ಹೇಳಿತ್ತು. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಬಿಗಿಯಾದ ನಿಯಮ ತಂದು, ವೈದ್ಯರು ವಿರೋಧಿಸಿದ ಮೇಲೆ ಅದೇ ತಿಂಗಳಲ್ಲಿ ತಡೆಹಿಡಿಯಿತು. ಕೇಳಿದರೆ ಬರೆದುಕೊಡುವ ಡಾಕ್ಟರುಗಳು ನಮ್ಮಲ್ಲಿ ಕಡಿಮೆಯಿಲ್ಲ. ಕೇಳುವವರು ಕಡಿಮೆ.

ಜನರಿಕ್ ಔಷಧಗಳನ್ನು ಅಗ್ಗಕ್ಕೆ ಮಾರುವ ಜನೌಷಧಿ ಯೋಜನೆ ಶುರುವಾದದ್ದು 2008ರಲ್ಲಿ, ಮೊದಲ ಮಳಿಗೆ ಅಮೃತಸರದಲ್ಲಿ. ಈಗ ದೇಶದಲ್ಲಿ 15 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಬೆಲೆ ಕಟ್ಟುವ ಸೂತ್ರ ಸರಳ: ಪೇಟೆಯಲ್ಲಿ ಮುಂಚೂಣಿಯಲ್ಲಿರುವ ಮೂರು ಬ್ರಾಂಡುಗಳ ಸರಾಸರಿ ಬೆಲೆಯ ಅರ್ಧವನ್ನು ಮೀರುವಂತಿಲ್ಲ. ಲೆಕ್ಕಕ್ಕೆ ಹೇಳುವುದಾದರೆ, ಆ ಸರಾಸರಿ ಹತ್ತು ಗುಳಿಗೆಯ ಪಟ್ಟಿಗೆ 120 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡರಂತೆ ತಿಂಗಳಿಗೆ ಆರು ಪಟ್ಟಿ, 720 ರೂಪಾಯಿ. ಜನೌಷಧಿಯಲ್ಲಿ ಅದು ಹೆಚ್ಚೆಂದರೆ 360. ವರ್ಷಕ್ಕೆ ನಾಲ್ಕು ಸಾವಿರದ ಮೇಲೆ ಉಳಿಯಿತು. ‘ಜನೌಷಧಿ ಸುಗಮ್’ ಆ್ಯಪಿನಲ್ಲಿ ಹತ್ತಿರದ ಕೇಂದ್ರ ಎಲ್ಲಿದೆ, ಔಷಧದ ಬೆಲೆ ಎಷ್ಟು ಎಂದು ಹೊರಡುವ ಮುಂಚೆಯೇ ನೋಡಬಹುದು. ಫೋನ್ ಮಾಡಿ ಸ್ಟಾಕ್ ಇದೆಯೇ ಎಂದು ಕೇಳಿಕೊಂಡು ಹೋಗುವುದು ಒಳ್ಳೆಯದು. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಬೇಕೆಂದು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಆದೇಶಿಸಿತು, ಒಳಗೆ ಔಷಧ ಪುಕ್ಕಟೆ ಕೊಡುವಾಗ ಮಾರುವ ಅಂಗಡಿ ಯಾಕೆ ಎಂಬ ವಾದದ ಮೇಲೆ. ಮಳಿಗೆ ನಡೆಸುವವರು ಹೈಕೋರ್ಟ್ ಮೆಟ್ಟಿಲೇರಿದರು. ವಾದವೇನೋ ಸರಿಯೆನ್ನೋಣ, ಒಳಗಿನ ಕಿಟಕಿಯಲ್ಲಿ ‘ಈ ಗುಳಿಗಿ ಬಂದಿಲ್ಲ’ ಎಂದ ದಿನ ರೋಗಿ ಎಲ್ಲಿಗೆ ಹೋಗಬೇಕು ಎಂಬುದಕ್ಕೂ ಉತ್ತರ ಬೇಕಲ್ಲ.

ಇಲ್ಲೊಂದು ಎಚ್ಚರಿಕೆ. ಖಾಸಗಿ ಅಂಗಡಿಯಲ್ಲಿ ‘ಜನರಿಕ್’ ಎಂದು ಕೊಡುವುದೆಲ್ಲ ಅಗ್ಗವಲ್ಲ. ಕೆಲವು ಜನರಿಕ್‌ಗಳಿಗೆ ಎಂಆರ್‌ಪಿಯನ್ನು ದೊಡ್ಡದಾಗಿಯೇ ಅಚ್ಚು ಹಾಕಿ, ಅಂಗಡಿಗೆ ಕಡಿಮೆ ದರದಲ್ಲಿ ಕೊಟ್ಟಿರುತ್ತಾರೆ; ನಡುವಿನ ಲಾಭ ಅಂಗಡಿಯದು. ಅಂಥಲ್ಲಿ ಚೌಕಾಸಿ ಮಾಡಬಹುದು, ಮಾಡಬೇಕು ಕೂಡ. ಹತ್ತರ ಪಟ್ಟಿಯನ್ನು ಹದಿನೈದರ ಪಟ್ಟಿಯೊಂದಿಗೆ ಹೋಲಿಸಿ ಮೋಸ ಹೋಗದೆ, ಒಂದು ಗುಳಿಗೆಗೆ ಎಷ್ಟು ಬಿತ್ತು ಎಂದು ಕೇಳಿ. ಫೆನಿಟಾಯಿನ್, ಕಾರ್ಬಮಜೆಪಿನ್, ಸೋಡಿಯಂ ವ್ಯಾಲ್‌ಪ್ರೊಯೇಟ್, ಲೆವೆಟಿರಾಸಿಟಾಮ್, ಕ್ಲೋಬಜಾಮ್ ಇವೆಲ್ಲ 2022ರ ರಾಷ್ಟ್ರೀಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿ ಹೇಳಿದ ಪ್ರಮಾಣದ ಗುಳಿಗೆಗಳಿಗೆ ಗರಿಷ್ಠ ಬೆಲೆಯನ್ನು ಸರ್ಕಾರವೇ ಕಟ್ಟುತ್ತದೆ, ಅದನ್ನು ಮೀರಿ ಯಾವ ಕಂಪನಿಯೂ ಮಾರುವಂತಿಲ್ಲ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಸೋವಿ ಗುಳಿಗೆ ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಲಾಮೊಟ್ರಿಜಿನ್ ಎಂಬ ಫಿಟ್ಸ್ ಔಷಧದ ಬೇರೆ ಬೇರೆ ಜನರಿಕ್‌ಗಳನ್ನು ಅಮೆರಿಕದಲ್ಲಿ ರೋಗಿಗಳಿಗೇ ಅದಲುಬದಲು ಮಾಡಿ ಕೊಟ್ಟು ನೋಡಿದಾಗ ಫಿಟ್ಸ್ ಹತೋಟಿ ತಪ್ಪಲಿಲ್ಲ ಎಂಬ ವರದಿ 2016ರಲ್ಲಿ ಬಂತು. ಆದರೂ ಫಿಟ್ಸ್ ಔಷಧದಲ್ಲಿ ನರರೋಗ ತಜ್ಞರು ಸ್ವಲ್ಪ ಬಿಗಿಯಾಗಿರುವುದಕ್ಕೆ ಕಾರಣವಿದೆ. 1968ರ ಸುಮಾರಿಗೆ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಫೆನಿಟಾಯಿನ್ ನುಂಗುತ್ತಿದ್ದ ಅನೇಕರಿಗೆ ಇದ್ದಕ್ಕಿದ್ದಂತೆ ತಲೆಸುತ್ತು, ತೂರಾಟ ಶುರುವಾಯಿತು. ಔಷಧದ ಪ್ರಮಾಣ ಅಷ್ಟೇ ಇತ್ತು. ಕ್ಯಾಪ್ಸೂಲ್ ತುಂಬಲು ಬಳಸುವ ಪುಡಿಯನ್ನು ಮಾತ್ರ ಕ್ಯಾಲ್ಸಿಯಂ ಸಲ್ಫೇಟಿನಿಂದ ಲ್ಯಾಕ್ಟೋಸಿಗೆ ಬದಲಾಯಿಸಿದ್ದರು, ಅಷ್ಟಕ್ಕೇ ರಕ್ತಕ್ಕೆ ಸೇರುವ ಔಷಧ ಹೆಚ್ಚಾಗಿಬಿಟ್ಟಿತ್ತು. ಫೆನಿಟಾಯಿನ್ ಸ್ವಭಾವವೇ ಹಾಗೆ: ಒಂದು ಮಟ್ಟ ದಾಟಿದ ಮೇಲೆ ಚೂರು ಹೆಚ್ಚಾದರೂ ರಕ್ತದಲ್ಲಿ ಬಹಳ ಏರುತ್ತದೆ. ಆದ್ದರಿಂದ ಅಗ್ಗದ ಗುಳಿಗೆಗೆ ಬದಲಾಗುವುದಿದ್ದರೆ ಡಾಕ್ಟರಿಗೆ ತಿಳಿಸಿ ಒಂದು ಸಲ ಬದಲಾಗಿ, ಆಮೇಲೆ ಅದೇ ಕಂಪನಿಯದಕ್ಕೆ ಅಂಟಿಕೊಳ್ಳಿ. ಈ ತಿಂಗಳು ಒಂದು, ಬರುವ ತಿಂಗಳು ಇನ್ನೊಂದು ಎಂದು ಹತ್ತು ರೂಪಾಯಿಗಾಗಿ ಅಲೆಯಬೇಡಿ. ವ್ಯಾಲ್‌ಪ್ರೊಯೇಟ್ ವಿಷಯದಲ್ಲಂತೂ ಸಾದಾ ಗುಳಿಗೆ, ನಿಧಾನವಾಗಿ ಕರಗುವ ಸಿಆರ್ ಗುಳಿಗೆ, ಡೈವಾಲ್‌ಪ್ರೊಯೆಕ್ಸ್ ಈ ಮೂರೂ ಬೇರೆ ಬೇರೆ. ‘ಎಲ್ಲಾ ಒಂದ’ ಎಂದು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಸಿಆರ್ ಗುಳಿಗೆಯನ್ನು ಪುಡಿ ಮಾಡಿ ಕೊಡಲೂಬಾರದು.

ಪುಕ್ಕಟೆ ಸಿಗುವ ದಾರಿಯೂ ಇದೆ, ಅದರ ಕಥೆ ನಮ್ಮ ಪಕ್ಕದ ಜಿಲ್ಲೆಯದು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು, ಬೆರಳೆಣಿಕೆಯ ಔಷಧಗಳಿಂದ ಮಾನಸಿಕ ಕಾಯಿಲೆ ಮತ್ತು ಫಿಟ್ಸ್ ಎರಡಕ್ಕೂ ಊರಲ್ಲೇ ಚಿಕಿತ್ಸೆ ನಡೆಸಿ ತೋರಿಸಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಈ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ. ಅದಾದ ಮೇಲೆ ಯಳಂದೂರು ತಾಲ್ಲೂಕಿನಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಹಳ್ಳಿಯ ರೋಗಿಗಳಿಗೆ ಫಿನೋಬಾರ್ಬಿಟೋನ್ ಮತ್ತು ಫೆನಿಟಾಯಿನ್ ಎಂಬ ಎರಡೇ ಹಳೆಯ, ಅಗ್ಗದ ಔಷಧಗಳನ್ನು ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸಿದರು. ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಫಿಟ್ಸ್ ನಿಂತಿತು. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. ಫಿನೋಬಾರ್ಬಿಟೋನ್ ಫಿಟ್ಸ್ ತಡೆಯುತ್ತದೆಂದು ಗೊತ್ತಾದದ್ದು 1912ರಲ್ಲಿ. ಶತಮಾನ ದಾಟಿದ ಮೇಲೂ ಅದು ಉಪಯೋಗದಲ್ಲಿದೆ. ಹಾಗೆಂದು ಅಗ್ಗವಾದದ್ದೇ ಎಲ್ಲರಿಗೂ ಸರಿ ಎಂದಲ್ಲ. ಅದರಿಂದ ನಿದ್ದೆಮಂಪರು ಬರುತ್ತದೆ, ಕೆಲವು ಮಕ್ಕಳು ಅತಿ ಚಟುವಟಿಕೆಗೆ ಬಿದ್ದು ಓದಿನಲ್ಲಿ ಹಿಂದಾಗುತ್ತಾರೆ. ಫೆನಿಟಾಯಿನ್ ಒಸಡು ದಪ್ಪ ಮಾಡುತ್ತದೆ. ಮಗುವಿನ ಫಿಟ್ಸ್ ಚೆನ್ನಾಗಿ ಹತೋಟಿಯಲ್ಲಿದ್ದರೆ ಬರೀ ಬೆಲೆಗಾಗಿ ಔಷಧವನ್ನೇ ಬದಲಾಯಿಸಿ ಎಂದು ನಾನು ಹೇಳಲಾರೆ. ಅದೇ ಔಷಧದ ಅಗ್ಗದ ಗುಳಿಗೆ ಹುಡುಕುವುದು ಮೇಲು.

ಮಾನ್ವಿ, ದೇವದುರ್ಗದ ತಾಲ್ಲೂಕು ಆಸ್ಪತ್ರೆಗಳಲ್ಲಿ, ರಾಯಚೂರಿನ ರಿಮ್ಸ್‌ನಲ್ಲಿ ಫಿಟ್ಸ್ ಔಷಧ ಕೇಳಿ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವೂ ಇದೆ. ಯಾವ ವಾರ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿದರೆ ಸಾಕು. ಫಿಟ್ಸ್ ರೋಗಿ ಒಬ್ಬರೇ ಪ್ರಯಾಣ ಮಾಡದಿರುವುದು ಲೇಸು. ಜೊತೆಗೆ ಹೋಗುವವರು ಹೆಣ್ಣುಮಕ್ಕಳಾದರೆ 2023ರ ಜೂನಿನಿಂದ ಅವರಿಗೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ.

ನಮ್ಮ ಕಡೆ ಗುಳಿಗೆ ತಪ್ಪುವುದಕ್ಕೆ ದೊಡ್ಡ ಕಾರಣ ಗುಳೆ. ಬೆಂಗಳೂರಿಗೋ ಹೈದರಾಬಾದಿಗೋ ಕಟ್ಟಡದ ಕೆಲಸಕ್ಕೆ ಹೊರಟಾಗ ಜೋಳದ ಹಿಟ್ಟು, ಖಾರದಪುಡಿ ಎಲ್ಲ ಗಂಟು ಕಟ್ಟುತ್ತಾರೆ, ಗುಳಿಗೆ ಹದಿನೈದು ದಿನದ್ದಷ್ಟೇ ಇರುತ್ತದೆ. ಹೊಸ ಊರಿನ ಅಂಗಡಿಯವರು ಡಾಕ್ಟರ ಚೀಟಿಯಿಲ್ಲದೆ ಕೊಡುವುದಿಲ್ಲ, ಕೊಡಲೂಬಾರದು. ಹೊರಡುವ ಮುನ್ನ ಎರಡು ಮೂರು ತಿಂಗಳ ಔಷಧ ಬರೆಸಿಕೊಳ್ಳಿ. ಚೀಟಿಯ ಫೋಟೋ ಇಬ್ಬರ ಮೊಬೈಲಿನಲ್ಲಿರಲಿ. ಸಾಲ್ಟ್ ಹೆಸರಿದ್ದರೆ ಯಾವ ಊರಿನ ಜನೌಷಧಿಯಲ್ಲೂ ಕೇಳಬಹುದು. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು ಗೊತ್ತೇ ಇದೆ, ಗುಳಿಗೆಯನ್ನು ತಗಡಿನ ಶೆಡ್ಡಿನ ಗಳದ ಮೇಲೆ ಇಡಬೇಡಿ. ನೀರಿನ ಮಣ್ಣಿನ ಕೊಡ ಇರುವ ತಂಪು ಮೂಲೆ ವಾಸಿ, ಆದರೆ ಪಸೆ ತಾಗಬಾರದು. ಸೋಡಿಯಂ ವ್ಯಾಲ್‌ಪ್ರೊಯೇಟ್ ಗಾಳಿಯ ತೇವ ಹೀರಿ ಹಸಿಯಾಗುತ್ತದೆ, ಕಾರ್ಬಮಜೆಪಿನ್ ತೇವಕ್ಕೆ ಗಟ್ಟಿಯಾಗಿ ಸತ್ವ ಕಳೆದುಕೊಳ್ಳುತ್ತದೆ. ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ಸುರಿದಿಟ್ಟರೆ ದುಡ್ಡು ಕೊಟ್ಟು ತಂದದ್ದು ಹಾಳು.

ಮದುವೆಯಾಗಲಿರುವ, ಮಗು ಬಯಸುವ ಹೆಣ್ಣುಮಕ್ಕಳು ವ್ಯಾಲ್‌ಪ್ರೊಯೇಟ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮೊದಲು ಡಾಕ್ಟರ ಹತ್ತಿರ ಮಾತಾಡಬೇಕು. ಹೊಟ್ಟೆಯಲ್ಲಿರುವ ಮಗುವಿಗೆ ಅದು ಹಾನಿ ಮಾಡಬಲ್ಲದು. ಹೆದರಿ ತಾವಾಗಿ ನಿಲ್ಲಿಸುವುದೂ ಅಪಾಯವೇ.

ಕೊನೆಗೆ, ಕರ್ನಾಟಕದವರಿಗೇ ಹೆಚ್ಚು ಪರಿಚಯದ ಒಂದು ಬಗೆಯ ಫಿಟ್ಸ್. ತಲೆಯ ಮೇಲೆ ಚೆಂಬಿನಿಂದ ಬಿಸಿನೀರು ಸುರಿದುಕೊಳ್ಳುವಾಗ ಮಾತ್ರ ಬರುವಂಥದ್ದು. ಇದನ್ನು ಡಾ. ಮಣಿ 1960ರ ದಶಕದಲ್ಲೇ ವರದಿ ಮಾಡಿದ್ದರು, ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಆಳವಾಗಿ ಅಭ್ಯಸಿಸಿದರು. ಇಂಥವರಲ್ಲಿ ಬಹಳ ಮಂದಿಗೆ ದಿನಾ ಗುಳಿಗೆ ಬೇಕಿಲ್ಲ. ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳುವುದು ಮೊದಲ ಹೆಜ್ಜೆ. ಸಾಲದಿದ್ದರೆ ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್. ವಾರಕ್ಕೆ ಒಂದು ಗುಳಿಗೆ ಎಂದರೆ ಖರ್ಚೇ ಅಲ್ಲ. ಕೆಲವರಿಗೆ ಮುಂದೆ ಬಿಸಿನೀರಿಲ್ಲದೆಯೂ ಫಿಟ್ಸ್ ಬರಬಹುದು, ಅವರಿಗೆ ದಿನದ ಔಷಧ ತಪ್ಪದು. ಯಾರು ಯಾವ ಗುಂಪು ಎಂದು ಗೊತ್ತಾಗುವುದು ಸ್ಕ್ಯಾನಿಂಗಿಗಿಂತ ಹೆಚ್ಚಾಗಿ ಮಾತಿನಿಂದ. ಹಾಗಾಗಿ ಡಾಕ್ಟರ ಮುಂದೆ ಕೂತಾಗ, ಫಿಟ್ಸ್ ಬಂದದ್ದು ಎಷ್ಟು ಹೊತ್ತಿಗೆ, ಆಗ ಏನು ಮಾಡುತ್ತಿದ್ದರು, ಬಚ್ಚಲಲ್ಲಿದ್ದರೇ, ನೀರು ಎಷ್ಟು ಬಿಸಿಯಿತ್ತು ಎಂಬುದನ್ನು ಕಣ್ಣಾರೆ ಕಂಡವರೇ ಹೇಳಲಿ.