ಲೈಸೊಜೈಮ್: ಒಂದು ಕಿಣ್ವದ ರೂಪವೂ ಕಾರ್ಯವೂ

ಕೋಳಿಯು ತನ್ನ ಮೊಟ್ಟೆಗಳ ಮೇಲೆ ಕುಳಿತು 21 ದಿನಗಳ ಕಾಲ ಕಾವು ಕೊಡುತ್ತದೆ. ಅಷ್ಟು ದಿನವೂ ಆ ಮೊಟ್ಟೆಗಳು ಹೆಚ್ಚು ಕಡಿಮೆ ನಮ್ಮ ಮೈಯ ಶಾಖದಲ್ಲಿಯೇ, ಹುಲ್ಲು ಕಸಗಳ ನಡುವೆ ಇರುತ್ತವೆ. ಅದೇ ಶಾಖದಲ್ಲಿ ಒಂದು ಬಟ್ಟಲು ಹಸಿ ಹಾಲನ್ನು ಇಟ್ಟರೆ ಒಂದು ಹಗಲು ಕಳೆಯುವುದರೊಳಗಾಗಿ ಅದು ಕೆಟ್ಟುಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮೊಟ್ಟೆಯ ಒಳಗೂ ಸೂಕ್ಷ್ಮಜೀವಿಗಳಿಗೆ ಬೇಕಾದ ಆಹಾರವು ಸಮೃದ್ಧವಾಗಿಯೇ ಇದೆ. ಮರಿಯು ಉಸಿರಾಡುವುದಕ್ಕೆಂದು ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳೂ ಇವೆ. ಹೀಗಿದ್ದರೂ ಮೊಟ್ಟೆಯು ಕೊಳೆಯದೆ, ಅದರೊಳಗಿನ ಮರಿಯು ಸುಖವಾಗಿ ಬೆಳೆಯುತ್ತದೆ. ಇದು ಹೇಗೆ ಸಾಧ್ಯ?

ಇದಕ್ಕೆ ಕಾರಣ ಒಂದಲ್ಲ, ಹಲವು. ಚಿಪ್ಪಿನ ಒಳಮೈಗೆ ಅಂಟಿಕೊಂಡಿರುವ ಪೊರೆಗಳು ಒಂದು ರಕ್ಷಣೆ. ಬಿಳಿಯ ಲೋಳೆಯ ಕ್ಷಾರಗುಣ ಇನ್ನೊಂದು. ಆದರೆ ಆ ಲೋಳೆಯಲ್ಲಿಯೇ ಕರಗಿಕೊಂಡು ಕಾವಲಿರುವ ಒಂದು ವಸ್ತುವಿದೆ. ಅದರ ಹೆಸರು ಲೈಸೊಜೈಮ್. ಇದೊಂದು ಕಿಣ್ವ, ಎಂದರೆ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸಿ ತಾನು ಮಾತ್ರ ವೆಚ್ಚವಾಗದೆ ಉಳಿಯುವ ಪ್ರೋಟೀನು. ಕಿಣ್ವಗಳ ಪೈಕಿ ಮೊಟ್ಟಮೊದಲು ತನ್ನ ಸಂಪೂರ್ಣ ರೂಪವನ್ನು ವಿಜ್ಞಾನಿಗಳಿಗೆ ತೋರಿಸಿಕೊಟ್ಟದ್ದು ಇದೇ. ಆದುದರಿಂದ ಕಿಣ್ವಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ತಿಳಿಯಬಯಸುವವರಿಗೆ ಇದರ ಕಥೆಯು ಒಳ್ಳೆಯ ಪ್ರವೇಶದ್ವಾರವಾಗಿದೆ.

ನೆಗಡಿಯಿಂದ ಆರಂಭವಾದ ಶೋಧ

1921ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಾಂಡರ್ ಫ್ಲೆಮಿಂಗರಿಗೆ ನೆಗಡಿಯಾಯಿತು. ಅವರು ತಮ್ಮ ಮೂಗಿನ ಸಿಂಬಳವನ್ನೇ ತೆಗೆದು, ಏಕಾಣುಜೀವಿಗಳನ್ನು ಬೆಳೆಸುವ ತಟ್ಟೆಯಲ್ಲಿಟ್ಟು ಪರೀಕ್ಷಿಸತೊಡಗಿದರು. ಆ ತಟ್ಟೆಯಲ್ಲಿ ಬೆಳೆದ ಒಂದು ಜಾತಿಯ ಹಳದಿಯ ಏಕಾಣುಜೀವಿಗಳು ಸಿಂಬಳದ ಸಂಪರ್ಕದಲ್ಲಿ ಕರಗಿಹೋಗುವುದು ಅವರಿಗೆ ಕಂಡುಬಂದಿತು. ಬಳಿಕ ಅವರು ಕಣ್ಣೀರು, ಎಂಜಲು, ಮೊಟ್ಟೆಯ ಬಿಳಿಲೋಳೆ ಮುಂತಾದುವನ್ನೂ ಪರೀಕ್ಷಿಸಿದರು. ಏಕಾಣುಜೀವಿಗಳು ತುಂಬಿ ಮಬ್ಬಾಗಿದ್ದ ನೀರಿಗೆ ಒಂದು ತೊಟ್ಟು ಕಣ್ಣೀರನ್ನು ಬಿಟ್ಟರೆ ಅದು ಒಂದೆರಡು ನಿಮಿಷಗಳಲ್ಲಿ ತಿಳಿಯಾಗುತ್ತಿತ್ತು! 1922ರಲ್ಲಿ ಫ್ಲೆಮಿಂಗರು ಈ ಶೋಧವನ್ನು ಪ್ರಕಟಿಸಿದರು. ಕರಗಿಸುವ ಕಿಣ್ವವೆಂಬ ಅರ್ಥದಲ್ಲಿ ಅದಕ್ಕೆ ಲೈಸೊಜೈಮ್ ಎಂದು ಹೆಸರಾಯಿತು.

ರೋಗಗಳನ್ನು ಗುಣಪಡಿಸುವ ಮದ್ದು ದೊರಕಿತೆಂಬ ಆಸೆಯೇನೋ ಹುಟ್ಟಿತು. ಆದರೆ ಅದು ನಿಲ್ಲಲಿಲ್ಲ. ಮನುಷ್ಯನಿಗೆ ಉಗ್ರವಾದ ರೋಗಗಳನ್ನು ತರುವ ಬಹುಪಾಲು ಏಕಾಣುಜೀವಿಗಳ ಮೇಲೆ ಲೈಸೊಜೈಮಿನ ಪ್ರಭಾವ ಅತ್ಯಲ್ಪ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕಣ್ಣೀರು, ಎಂಜಲುಗಳ ಕಾವಲನ್ನು ದಾಟಿ ಬರಬಲ್ಲ ಜೀವಿಗಳೇ ಅಲ್ಲವೆ ನಮಗೆ ರೋಗವನ್ನು ತರುವುವು? ಫ್ಲೆಮಿಂಗರಿಗೆ ಜಗತ್ಪ್ರಸಿದ್ಧಿಯನ್ನು ತಂದ ಪೆನಿಸಿಲಿನ್ ಅವರ ಕಣ್ಣಿಗೆ ಬಿದ್ದದ್ದು 1928ರಲ್ಲಿ. ಆ ಹೊತ್ತಿಗೆ ಲೈಸೊಜೈಮನ್ನು ಜನ ಮರೆತಿದ್ದರು. ಆದರೆ ಅದಕ್ಕೆ ಎರಡು ಸದ್ಗುಣಗಳಿದ್ದುವು: ಅದು ಮೊಟ್ಟೆಯಿಂದ ಧಾರಾಳವಾಗಿ ದೊರೆಯುತ್ತದೆ ಮತ್ತು ಸುಲಭವಾಗಿ ಹರಳುಗಟ್ಟುತ್ತದೆ. ಮದ್ದಾಗಿ ಸೋತ ವಸ್ತುವನ್ನು ಈ ಎರಡು ಗುಣಗಳೇ ವಿಜ್ಞಾನದ ಮುಂಚೂಣಿಗೆ ತಂದುವು.

ಮಣಿಸರವು ಮುದ್ದೆಯಾಗುವ ಬಗೆ

ಮುಂದುವರಿಯುವ ಮೊದಲು ಪ್ರೋಟೀನು ಎಂದರೇನೆಂಬುದನ್ನು ಸ್ವಲ್ಪ ನೋಡೋಣ. ಅಮೈನೋ ಆಮ್ಲಗಳೆಂಬ ಚಿಕ್ಕ ಚಿಕ್ಕ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದವಾದ ಸರವಾದಾಗ ಪ್ರೋಟೀನು ಉಂಟಾಗುತ್ತದೆ. ಮಣಿಗಳಲ್ಲಿ 20 ಬಗೆ. ಯಾವ ಮಣಿಯ ಮುಂದೆ ಯಾವ ಮಣಿ ಎಂಬ ಕ್ರಮವು ಒಂದೊಂದು ಪ್ರೋಟೀನಿಗೂ ನಿಶ್ಚಿತವಾದುದು. ಈ ಮಾತನ್ನು ಮೊದಲು ಇನ್ಸುಲಿನ್ನಿನ ವಿಷಯದಲ್ಲಿ ಸಿದ್ಧಪಡಿಸಿ ತೋರಿಸಿದ ಫ್ರೆಡರಿಕ್ ಸ್ಯಾಂಗರರಿಗೆ 1958ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಮೊಟ್ಟೆಯ ಲೈಸೊಜೈಮಿನ ಸರದಲ್ಲಿ 129 ಮಣಿಗಳಿವೆ. ಅವುಗಳ ಕ್ರಮವು 1963ರಲ್ಲಿ ಗೊತ್ತಾಯಿತು.

ಆದರೆ ಸರವು ಸರವಾಗಿಯೇ ಇದ್ದರೆ ಅದರಿಂದ ಯಾವ ಕೆಲಸವೂ ಆಗದು. ಅದು ಮಡಿಚಿ ಸುತ್ತಿಕೊಂಡು ಒಂದು ನಿಶ್ಚಿತವಾದ ಆಕಾರವನ್ನು ತಾಳಬೇಕು. ಮಣಿಗಳಲ್ಲಿ ಕೆಲವು ನೀರಿನೊಡನೆ ಬೆರೆಯುವ ಸ್ವಭಾವದವು. ಕೆಲವು ಎಣ್ಣೆಯಂತೆ ನೀರನ್ನು ದೂರವಿಡುವ ಸ್ವಭಾವದವು. ಸಾರಿನ ಮೇಲೆ ತೇಲುವ ತುಪ್ಪದ ಹನಿಗಳು ಹೇಗೆ ಒಂದನ್ನೊಂದು ಕೂಡಿಕೊಳ್ಳುತ್ತವೆಯೋ ಹಾಗೆಯೇ ಎಣ್ಣೆಯ ಸ್ವಭಾವದ ಮಣಿಗಳು ಒಳಗೆ ಒಟ್ಟುಗೂಡುತ್ತವೆ. ಉಳಿದುವು ಹೊರಮೈಯಲ್ಲಿ ನಿಲ್ಲುತ್ತವೆ. ಇದಲ್ಲದೆ ಲೈಸೊಜೈಮಿನಲ್ಲಿ ಗಂಧಕವನ್ನುಳ್ಳ ಎಂಟು ಮಣಿಗಳು ಎರಡೆರಡಾಗಿ ಕೂಡಿ, ನಾಲ್ಕು ಹೊಲಿಗೆಗಳಂತೆ ಸರದ ಮಡಿಕೆಗಳನ್ನು ಬಿಗಿದಿವೆ.

ಈ ಮಡಿಕೆಯನ್ನು ಸರಕ್ಕೆ ಯಾರು ಹೇಳಿಕೊಡುತ್ತಾರೆ? ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸನ್ನರು ರೈಬೊನ್ಯೂಕ್ಲಿಯೇಸ್ ಎಂಬ ಮತ್ತೊಂದು ಕಿಣ್ವವನ್ನು ತೆಗೆದುಕೊಂಡು ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದರು. ಅದರಲ್ಲಿಯೂ ಇಂಥ ನಾಲ್ಕು ಹೊಲಿಗೆಗಳಿವೆ. ಅವರು ಹೊಲಿಗೆಗಳನ್ನು ಬಿಚ್ಚಿ, ಯೂರಿಯಾ ದ್ರಾವಣದಲ್ಲಿ ಆ ಸರವನ್ನು ಪೂರ್ತಿಯಾಗಿ ಬಿಡಿಸಿದರು. ಕಿಣ್ವದ ಶಕ್ತಿಯು ಹೋಯಿತು. ಅನಂತರ ಆ ರಾಸಾಯನಿಕಗಳನ್ನು ತೆಗೆದುಬಿಟ್ಟಾಗ ಸರವು ತಾನೇ ತಾನಾಗಿ ಮೊದಲಿನಂತೆ ಮಡಿಚಿಕೊಂಡು ಶಕ್ತಿಯನ್ನು ಪಡೆಯಿತು. ಎಂಟು ಗಂಧಕದ ಮಣಿಗಳನ್ನು ಜೋಡಿ ಮಾಡಲು 105 ವಿಧಾನಗಳುಂಟು. ಅಷ್ಟರಲ್ಲಿ ಸರಿಯಾದ ಒಂದನ್ನೇ ಸರವು ಆರಿಸಿಕೊಂಡಿತು! ಆಕಾರದ ಗುಟ್ಟೆಲ್ಲ ಮಣಿಗಳ ಕ್ರಮದಲ್ಲಿಯೇ ಅಡಗಿದೆ ಎಂಬುದು ಇದರಿಂದ ವಿದಿತವಾಯಿತು. ಆನ್‌ಫಿನ್ಸನ್ನರು 1972ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಹಾಗಾದರೆ ಬೇಯಿಸಿದ ಮೊಟ್ಟೆಯು ಆರಿದ ಮೇಲೆ ಪುನಃ ಲೋಳೆಯಾಗುವುದಿಲ್ಲವೇಕೆ ಎಂದು ವಾಚಕರು ಕೇಳಬಹುದು. ಅಲ್ಲಿ ಬಿಚ್ಚಿಕೊಂಡ ಸರಗಳು ಒತ್ತಾಗಿರುವುದರಿಂದ ನೆರೆಯ ಸರಗಳೊಡನೆ ಗೋಜಲಾಗಿ ಸಿಕ್ಕಿಕೊಳ್ಳುತ್ತವೆ. ತಮ್ಮ ತಮ್ಮ ಮಡಿಕೆಗೆ ಮರಳಲು ಅವಕ್ಕೆ ಎಡೆ ದೊರೆಯುವುದಿಲ್ಲ.

ಸರವು ಹೇಗೆಂದರೆ ಹಾಗೆ ಬಾಗಲಾರದು ಎಂಬುದನ್ನು ಲೆಕ್ಕ ಹಾಕಿ ತೋರಿಸಿದ ಕೀರ್ತಿಯು ನಮ್ಮ ದೇಶಕ್ಕೆ ಸಲ್ಲುತ್ತದೆ. ಮದ್ರಾಸು ವಿಶ್ವವಿದ್ಯಾನಿಲಯದ ಜಿ. ಎನ್. ರಾಮಚಂದ್ರನ್ ಅವರೂ ಅವರ ಸಹೋದ್ಯೋಗಿಗಳಾದ ರಾಮಕೃಷ್ಣನ್, ಶಶಿಶೇಖರನ್ ಅವರೂ 1963ರಲ್ಲಿ ಈ ವಿಷಯವನ್ನು ಪ್ರಕಟಿಸಿದರು. ಪ್ರತಿಯೊಂದು ಮಣಿಯ ಬಳಿಯಲ್ಲೂ ಸರವು ತಿರುಗಬಲ್ಲ ಕೀಲುಗಳು ಎರಡು. ಆ ಎರಡು ಕೋನಗಳನ್ನು ನಕ್ಷೆಯಲ್ಲಿ ಗುರುತಿಸಿದರೆ, ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾಗುವುದರಿಂದ ನಕ್ಷೆಯ ಹೆಚ್ಚಿನ ಭಾಗವು ನಿಷಿದ್ಧವೆಂದು ತಿಳಿಯುತ್ತದೆ. ಹೊಸದಾಗಿ ಬಿಡಿಸಿದ ಪ್ರೋಟೀನಿನ ರಚನೆಯು ಸರಿಯೆ ತಪ್ಪೆ ಎಂದು ಒರೆಹಚ್ಚಿ ನೋಡಲು ಇಂದಿಗೂ ಜಗತ್ತಿನಾದ್ಯಂತ ಈ ರಾಮಚಂದ್ರನ್ ನಕ್ಷೆಯನ್ನು ಬಳಸುತ್ತಾರೆ. ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದವರು, 1970ರ ದಶಕದ ಆರಂಭದಲ್ಲಿ ಅಲ್ಲಿಗೇ ಮರಳಿ ಅಣು ಜೀವಭೌತ ವಿಭಾಗವನ್ನು ಸ್ಥಾಪಿಸಿದರು.

ಕ್ಷ-ಕಿರಣಗಳು ತೋರಿದ ಬಿರುಕು

ಲೈಸೊಜೈಮಿನ ಅಣುವು ಸುಮಾರು 45 ಆಂಗ್‌ಸ್ಟ್ರಾಮ್ ಉದ್ದ, 30 ಆಂಗ್‌ಸ್ಟ್ರಾಮ್ ಅಗಲವಿದೆ. ಆಂಗ್‌ಸ್ಟ್ರಾಮ್ ಎಂದರೆ ಒಂದು ಸೆಂಟಿಮೀಟರಿನಲ್ಲಿ ಹತ್ತು ಕೋಟಿಯ ಒಂದು ಪಾಲು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಗಳ ಉದ್ದವೇ 4,000ದಿಂದ 7,000 ಆಂಗ್‌ಸ್ಟ್ರಾಮ್ ಇರುವುದರಿಂದ ಅದರ ನೆರವಿನಿಂದ ಪರಮಾಣುಗಳನ್ನು ನೋಡಲಾಗದು. ಅದಕ್ಕೆ ಒಂದೆರಡು ಆಂಗ್‌ಸ್ಟ್ರಾಮ್ ಅಲೆಯುದ್ದದ ಕ್ಷ-ಕಿರಣಗಳೇ ಬೇಕು. ಹರಳಿನ ಮೂಲಕ ಹಾಯಿಸಿದ ಕ್ಷ-ಕಿರಣಗಳು ಸಾವಿರಾರು ಚುಕ್ಕೆಗಳಾಗಿ ಚದುರುತ್ತವೆ. ಆ ಚುಕ್ಕೆಗಳ ಸ್ಥಾನ ಮತ್ತು ತೀಕ್ಷ್ಣತೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಹೋಗಿ ಅಣುವಿನ ರೂಪವನ್ನು ಕಟ್ಟಬೇಕು. ಈ ಮಾರ್ಗದಿಂದ ಕೆಂಡ್ರೂ ಮತ್ತು ಪೆರುಟ್ಸರು ಮಯೊಗ್ಲೋಬಿನ್, ಹೀಮೊಗ್ಲೋಬಿನ್‌ಗಳ ರೂಪವನ್ನು ಕಂಡು 1962ರ ನೊಬೆಲ್ ಬಹುಮಾನವನ್ನು ಪಡೆದರು. ಆದರೆ ಅವು ಕಿಣ್ವಗಳಾಗಿರಲಿಲ್ಲ.

1965ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಡೇವಿಡ್ ಫಿಲಿಪ್ಸರ ತಂಡವು ಲೈಸೊಜೈಮಿನ ರೂಪವನ್ನು ಬಿಡಿಸಿತು. ಅಣುವಿನ ಒಂದು ಪಕ್ಕದಲ್ಲಿ ಆಳವಾದ ಒಂದು ಬಿರುಕು ಇತ್ತು. ಆ ತಂಡದ ಲೂಯಿಸ್ ಜಾನ್ಸನ್ನರು ಏಕಾಣುಜೀವಿಗಳ ಗೋಡೆಯಲ್ಲಿರುವ ಸಕ್ಕರೆಗೆ ಹತ್ತಿರವಾದ ಅಣುಗಳನ್ನು ಹರಳಿನೊಳಕ್ಕೆ ಸೇರಿಸಿ ನೋಡಿದಾಗ, ಅವು ಸರಿಯಾಗಿ ಆ ಬಿರುಕಿನಲ್ಲಿಯೇ ಹೋಗಿ ಕುಳಿತಿದ್ದುವು.

ಏಕಾಣುಜೀವಿಯ ಸುತ್ತಲೂ ಎರಡು ಬಗೆಯ ಸಕ್ಕರೆಗಳು ಒಂದಾದ ಮೇಲೊಂದರಂತೆ ಕೂಡಿದ ಸರಗಳಿಂದ ಹೆಣೆದ ಗೋಡೆಯಿದೆ. ಒಳಗಿನ ಒತ್ತಡವನ್ನು ತಡೆದಿರುವುದು ಈ ಗೋಡೆಯೇ. ಲೈಸೊಜೈಮು ಇಂಥ ಆರು ಸಕ್ಕರೆಗಳ ತುಂಡನ್ನು ತನ್ನ ಬಿರುಕಿನಲ್ಲಿ ಹಿಡಿದು, ನಾಲ್ಕನೆಯ ಮತ್ತು ಐದನೆಯ ಸಕ್ಕರೆಗಳ ನಡುವಿನ ಬಂಧವನ್ನು ಕತ್ತರಿಸುತ್ತದೆ. ಹೀಗೆ ಅಲ್ಲಲ್ಲಿ ಹೆಣಿಗೆ ಹರಿದೊಡನೆ ಒಳಗಿನ ಒತ್ತಡಕ್ಕೆ ಜೀವಿಯು ಒಡೆದುಹೋಗುತ್ತದೆ. ಫ್ಲೆಮಿಂಗರ ಮಬ್ಬು ನೀರು ತಿಳಿಯಾದದ್ದು ಹೀಗೆಯೇ. ಈ ಬಂಧವು ಕಿಣ್ವದ ಸಹಾಯವಿಲ್ಲದೆ ನೀರಿನಲ್ಲಿ ತಾನಾಗಿ ಮುರಿಯುವುದಕ್ಕಿಂತ ಸುಮಾರು ಹತ್ತು ಕೋಟಿ ಪಟ್ಟು ಬೇಗ ಮುರಿಯುತ್ತದೆ.

ಮುರಿಯುವ ಬಂಧದ ಆ ಕಡೆ ಈ ಕಡೆ ಎರಡು ಆಮ್ಲಗಳು ಎದುರುಬದುರಾಗಿ ನಿಂತಿವೆ. ಒಂದು, ಸರದಲ್ಲಿ 35ನೆಯದಾದ ಗ್ಲುಟಾಮಿಕ್ ಆಮ್ಲ. ಇನ್ನೊಂದು, 52ನೆಯದಾದ ಆಸ್ಪಾರ್ಟಿಕ್ ಆಮ್ಲ. ಸರದಲ್ಲಿ ಇವುಗಳ ನಡುವೆ 16 ಮಣಿಗಳ ಅಂತರವಿದ್ದರೂ ಮಡಿಕೆಯ ದೆಸೆಯಿಂದ ಇವು ನೆರೆಯವಾಗಿವೆ. ಸರವು ಮಡಿಚಿಕೊಳ್ಳದಿದ್ದರೆ ಕಿಣ್ವಕ್ಕೆ ಶಕ್ತಿಯಿಲ್ಲ ಎಂಬುದರ ಅರ್ಥವು ಇಲ್ಲಿ ಕಣ್ಣಿಗೆ ಕಟ್ಟುವಂತಿದೆ.

ಒಂದು ವಾದ, ಅದರ ಇತ್ಯರ್ಥ

ಕತ್ತರಿಸುವ ಕ್ರಮವನ್ನು ಫಿಲಿಪ್ಸರು ಹೀಗೆ ಊಹಿಸಿದರು. 35ನೆಯ ಆಮ್ಲವು ತನ್ನ ಪ್ರೋಟಾನನ್ನು ಬಂಧದ ಆಮ್ಲಜನಕಕ್ಕೆ ಕೊಟ್ಟು ಬಂಧವನ್ನು ಮುರಿಯುತ್ತದೆ. ಆಗ ನಾಲ್ಕನೆಯ ಸಕ್ಕರೆಯು ಧನವಿದ್ಯುತ್ತನ್ನು ತಾಳಿದ ಅಯಾನಾಗುತ್ತದೆ. 52ನೆಯ ಆಮ್ಲದ ಋಣವಿದ್ಯುತ್ತು ಅದನ್ನು ಮುಟ್ಟದೆಯೇ, ಎದುರಿನಿಂದ ಸಂತೈಸುತ್ತದೆ. ಕೊನೆಗೆ ನೀರಿನ ಒಂದು ಅಣುವು ಬಂದು ಕೆಲಸವನ್ನು ಮುಗಿಸುತ್ತದೆ. ಈ ವಿವರಣೆಯು ಸುಂದರವಾಗಿತ್ತು. ಪಠ್ಯಪುಸ್ತಕಗಳಲ್ಲಿ ದಶಕಗಳ ಕಾಲ ನೆಲೆನಿಂತಿತು.

ಆದರೆ 1953ರಲ್ಲಿಯೇ ಅಮೆರಿಕದ ಡೇನಿಯಲ್ ಕೋಷ್ಲೆಂಡರು ಇಂಥ ಕಿಣ್ವಗಳ ಬಗ್ಗೆ ಬೇರೊಂದು ಮಾತನ್ನು ಹೇಳಿದ್ದರು. ಬಿರುಗಾಳಿಗೆ ಸಿಕ್ಕಿದ ಕೊಡೆಯು ಮಗುಚುವಂತೆ, ಸಕ್ಕರೆಯ ಇಂಗಾಲದ ಮೇಲೆ ಒಂದು ಗುಂಪು ಹಿಂದಿನಿಂದ ಎರಗಿದಾಗ ಅದರ ವಿನ್ಯಾಸವು ಮಗುಚಿಕೊಳ್ಳುತ್ತದೆ. ಕ್ರಿಯೆಯ ಕೊನೆಗೆ ವಿನ್ಯಾಸವು ಮೊದಲಿನಂತೆಯೇ ಇದ್ದರೆ ಅದು ಎರಡು ಸಲ ಮಗುಚಿರಬೇಕು. ಎಂದರೆ, ಮೊದಲು ಕಿಣ್ವವೇ ಸಕ್ಕರೆಯೊಡನೆ ನಿಜವಾದ ಬಂಧವನ್ನು ಕಟ್ಟಿಕೊಂಡು, ಅನಂತರ ನೀರಿಗೆ ಎಡೆಗೊಡುತ್ತದೆ. ಲೈಸೊಜೈಮಿನಲ್ಲಿ ವಿನ್ಯಾಸವೇನೋ ಬದಲಾಗುವುದಿಲ್ಲ. ಆದರೆ ನೀರು ಒಂದೇ ಪಕ್ಕದಿಂದ ಬರುವಂತೆ ಕಿಣ್ವವು ಅಡ್ಡ ನಿಂತರೆ ಫಿಲಿಪ್ಸರ ಕ್ರಮದಿಂದಲೂ ಇದೇ ಫಲ ದೊರೆಯಬಹುದು. ಹೀಗಾಗಿ ತರ್ಕ ಮಾತ್ರದಿಂದ ವಾದವು ತೀರುವಂತಿರಲಿಲ್ಲ.

ಇಲ್ಲೊಂದು ಸಂಗತಿಯನ್ನು ನಾವು ಗಮನಿಸಬೇಕು. 1965ರ ಹರಳುಗಳಲ್ಲಿ ಕಣ್ಣಾರೆ ಕಂಡದ್ದು ಬಿರುಕಿನ ಮೊದಲ ಮೂರು ಸಕ್ಕರೆಗಳು ಮಾತ್ರ. ಕತ್ತರಿಸುವ ಜಾಗದಲ್ಲಿರುವ ಉಳಿದ ಮೂರನ್ನು ಮಾದರಿ ಕಟ್ಟಿ ಹೊಂದಿಸಿದ್ದರು. ಕ್ರಿಯೆಯ ನಡುವಿನ ಸ್ಥಿತಿಯು ಕ್ಷಣಭಂಗುರವಾದುದರಿಂದ ಅದನ್ನು ಯಾರೂ ಕಂಡಿರಲಿಲ್ಲ. 2001ರಲ್ಲಿ ಸ್ಟೀಫನ್ ವಿದರ್ಸ್ ಮತ್ತು ಸಂಗಡಿಗರು ಆ ಸ್ಥಿತಿಯನ್ನು ಹಿಡಿದು ನಿಲ್ಲಿಸುವ ಉಪಾಯವನ್ನು ಹೂಡಿದರು. ಸಕ್ಕರೆಗೆ ಫ್ಲೋರೀನನ್ನು ಜೋಡಿಸಿ, 35ನೆಯ ಆಮ್ಲವನ್ನೂ ಬದಲಾಯಿಸಿ, ಕ್ರಿಯೆಯ ಎರಡನೆಯ ಹೆಜ್ಜೆಯನ್ನು ಬಹಳ ನಿಧಾನ ಮಾಡಿದರು. ಅಣುವನ್ನು ತೂಗಿ ನೋಡಿದಾಗ ಕಿಣ್ವಕ್ಕೆ ಸಕ್ಕರೆಯ ತೂಕವೂ ಕೂಡಿತ್ತು. ಕ್ಷ-ಕಿರಣಗಳಿಂದ ನೋಡಿದಾಗ 52ನೆಯ ಆಮ್ಲಕ್ಕೂ ಸಕ್ಕರೆಗೂ ನಡುವೆ ಬಂಧವು ಸ್ಪಷ್ಟವಾಗಿ ಕಂಡಿತು. ಕೋಷ್ಲೆಂಡರ ಮಾತು ನಿಜವಾಗಿತ್ತು.

ರೂಪವನ್ನು ತಿಳಿದ ಮೇಲೂ

ರೂಪವು ಗೊತ್ತಾದ 36 ವರ್ಷಗಳ ಮೇಲೆ ಕಾರ್ಯದ ಬಗೆಯು ಇತ್ಯರ್ಥವಾಯಿತು. ಈ ಪಾಠವು ಇಂದು ವಿಶೇಷವಾಗಿ ನೆನಪಿಡತಕ್ಕದ್ದು. 2020ರಲ್ಲಿ ಆಲ್ಫಾಫೋಲ್ಡ್ ಎಂಬ ಗಣಕಯಂತ್ರದ ಕ್ರಮವು ಮಣಿಗಳ ಕ್ರಮವೊಂದರಿಂದಲೇ ಅನೇಕ ಪ್ರೋಟೀನುಗಳ ರೂಪವನ್ನು ಪ್ರಯೋಗಕ್ಕೆ ಸಮೀಪವಾದ ನಿಖರತೆಯಿಂದ ಊಹಿಸಿ ತೋರಿಸಿತು. 2022ರ ಹೊತ್ತಿಗೆ ಇಂಥ 20 ಕೋಟಿಗೂ ಮಿಗಿಲಾದ ರೂಪಗಳು ಎಲ್ಲರಿಗೂ ದೊರೆಯುವಂತಾದುವು. ಇದನ್ನು ಸಾಧಿಸಿದ ಹಸಾಬಿಸ್ ಮತ್ತು ಜಂಪರರು, ಹೊಸ ಪ್ರೋಟೀನುಗಳನ್ನು ರಚಿಸುವ ಬೇಕರರೊಡನೆ 2024ರ ರಸಾಯನ ವಿಜ್ಞಾನದ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಆದರೆ ಆ ಯಂತ್ರವು ಕಲಿತದ್ದು ಫಿಲಿಪ್ಸರಂಥವರು ಹರಳು ಹರಳಾಗಿ ಕೂಡಿಟ್ಟ ರಚನೆಗಳಿಂದ. ರೂಪವು ಕೈಗೆ ಬಂದ ಮಾತ್ರಕ್ಕೆ ಯಾವ ಬಂಧವು ಯಾವಾಗ ಕಟ್ಟಿಕೊಳ್ಳುತ್ತದೆ, ಯಾವಾಗ ಬಿಡುತ್ತದೆ ಎಂಬುದು ತಿಳಿದುಬಿಡುವುದಿಲ್ಲ. ಅದಕ್ಕೆ ಪ್ರಯೋಗವೇ ಬೇಕು.

ಇದು ಕೇವಲ ಪಂಡಿತರ ಕುತೂಹಲದ ವಿಷಯವೂ ಅಲ್ಲ. ನಮ್ಮ ದೇಹದ ಲೈಸೊಜೈಮಿನಲ್ಲಿ 130 ಮಣಿಗಳಿವೆ. ಅವುಗಳ ಪೈಕಿ 56ನೆಯದೋ 67ನೆಯದೋ ಒಂದೇ ಒಂದು ಬದಲಾಗಿದ್ದರೆ ಮಡಿಕೆಯು ಸಡಿಲವಾಗಿ, ಅಣುಗಳು ಎಳೆಎಳೆಯಾಗಿ ಒಂದಕ್ಕೊಂದು ಅಂಟಿಕೊಂಡು ಮೂತ್ರಪಿಂಡ, ಯಕೃತ್ತು ಮುಂತಾದ ಅಂಗಗಳಲ್ಲಿ ಸಂಗ್ರಹವಾಗುತ್ತವೆ. ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವ ಒಂದು ಮಾರಕ ವ್ಯಾಧಿಗೆ ಇದೇ ಮೂಲವೆಂದು 1993ರಲ್ಲಿ ಗೊತ್ತಾಯಿತು. ನೂರಮೂವತ್ತರಲ್ಲಿ ಒಂದು ಮಣಿ ತಪ್ಪಿದರೆ ಕಾವಲುಗಾರನೇ ಮನೆಗೆ ಹೊರೆಯಾಗುತ್ತಾನೆ. ಸರವು ಎಲ್ಲಿ, ಏಕೆ ಸಡಿಲವಾಗುತ್ತದೆ ಎಂಬುದನ್ನು ಅರಿತಲ್ಲದೆ ಅಂಥ ರೋಗಗಳಿಗೆ ಮದ್ದನ್ನು ಹುಡುಕುವುದು ಕಷ್ಟ.

ಕಣ್ಣಿಗೆ ಧೂಳು ಬಿದ್ದಾಗ ನೀರು ಬರುವುದು ಧೂಳನ್ನು ತೊಳೆಯುವುದಕ್ಕೆ ಎಂದಷ್ಟೇ ನಾವು ತಿಳಿದಿರುತ್ತೇವೆ. ಆ ನೀರಿನ ಒಂದೊಂದು ತೊಟ್ಟಿನಲ್ಲಿಯೂ ಕೋಟಿ ಕೋಟಿ ಲೈಸೊಜೈಮಿನ ಅಣುಗಳು, ಧೂಳಿನೊಡನೆ ಬಂದ ಏಕಾಣುಜೀವಿಗಳ ಗೋಡೆಯನ್ನು ತುಂಡು ತುಂಡಾಗಿ ಕತ್ತರಿಸುತ್ತಿರುತ್ತವೆ.