ಹೊಸ ಹುಡುಗನೂ ಹಳೆಯ ಅಸೂಯೆಯೂ

ವರ್ಷದ ನಡುವೆ ತರಗತಿಗೆ ಹೊಸ ಹುಡುಗನೊಬ್ಬನು ಬಂದು ಸೇರುತ್ತಾನೆ. ಅವನ ಉಡುಪು ಬೇರೆ, ಮಾತಿನ ರೀತಿ ಬೇರೆ. ಉಪಾಧ್ಯಾಯರು ಕೇಳಿದ ಪ್ರಶ್ನೆಗೆ ತಡೆಯದೆ ಉತ್ತರ ಹೇಳುತ್ತಾನೆ. ವಾರ ಕಳೆಯುವುದರೊಳಗಾಗಿ ಅವನಿಗೊಂದು ಅಡ್ಡಹೆಸರು ಬಿದ್ದಿರುತ್ತದೆ, ಅವನ ಪುಸ್ತಕ ಮಾಯವಾಗಿರುತ್ತದೆ, ಆಟದ ಬಯಲಿನಲ್ಲಿ ಅವನು ಒಂಟಿಯಾಗಿ ನಿಂತಿರುತ್ತಾನೆ. ಇದನ್ನು ಹುಡುಗಾಟವೆಂದು ಹಿರಿಯರು ನಕ್ಕು ಸುಮ್ಮನಾಗುವುದುಂಟು. ಆದರೆ ಕಥೆ ಹೇಳುವವರು ಎಂದೂ ಇದನ್ನು ಅಷ್ಟು ಹಗುರವಾಗಿ ಎಣಿಸಿದವರಲ್ಲ. ಅವರು ಈ ವಿಷಯವಾಗಿ ಕಂಡುಕೊಂಡದ್ದೇನು ಎಂಬುದನ್ನು ನಾವು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ಮೊದಲು ಮಾತಿನ ಅರ್ಥವನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಬಳಕೆಯಲ್ಲಿ ನಾವು ಎಲ್ಲವನ್ನೂ ಹೊಟ್ಟೆಕಿಚ್ಚು ಎಂದುಬಿಡುತ್ತೇವೆ. ಅಮರಕೋಶವು ಇಲ್ಲಿ ಎರಡನ್ನು ಬೇರ್ಪಡಿಸುತ್ತದೆ. ಸಹಿಸಲಾರದಿರುವುದು ಈರ್ಷ್ಯೆ; ಗುಣದಲ್ಲಿಯೂ ದೋಷವನ್ನು ಹೊರಿಸುವುದು ಅಸೂಯೆ. ಈ ಭೇದವು ನಮಗೆ ಬಹಳ ಉಪಯುಕ್ತವಾದದ್ದು. ಈರ್ಷ್ಯೆಯು ಮನಸ್ಸಿನೊಳಗಣ ಉರಿ. ಅಸೂಯೆಯು ಆ ಉರಿ ಹೊರಗೆ ಮಾಡುವ ಕೆಲಸ. "ಅವನು ನನಗಿಂತ ಚೆನ್ನಾಗಿ ಓದುತ್ತಾನೆ" ಎಂದು ಒಪ್ಪಿಕೊಳ್ಳುವುದು ಹುಡುಗನಿಗೆ ಕಷ್ಟ. "ಅವನಿಗೆ ಜಂಬ" ಎನ್ನುವುದು ಸುಲಭ. ಒಮ್ಮೆ ಗುಣಕ್ಕೆ ದೋಷದ ಹೆಸರನ್ನು ಕೊಟ್ಟಮೇಲೆ, ಪೀಡಿಸುವುದು ಅನ್ಯಾಯವೆಂದು ತೋರದೆ ತಕ್ಕ ಶಿಕ್ಷೆಯೆಂದೇ ತೋರುತ್ತದೆ.

ನಮ್ಮ ಮೈಸೂರಿನ ಲೇಖಕರಾದ ಆರ್. ಕೆ. ನಾರಾಯಣ್ ಅವರು ಇಂಗ್ಲಿಷಿನಲ್ಲಿ ಬರೆದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯಲ್ಲಿ ಇದರ ಅಚ್ಚುಕಟ್ಟಾದ ಚಿತ್ರವುಂಟು. ಆ ಪುಸ್ತಕ ಪ್ರಕಟವಾದದ್ದು 1935ರಲ್ಲಿ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ್ದೂ ಅದೇ ವರ್ಷ. ಶಂಕರನಾಗ್ ಅವರು 1980ರ ದಶಕದಲ್ಲಿ ಆಗುಂಬೆಯಲ್ಲಿ ಚಿತ್ರಿಸಿದ ದೂರದರ್ಶನ ಮಾಲಿಕೆಯ ಮೂಲಕ ಈ ಕಥೆಯನ್ನು ಬಲ್ಲವರು ಅನೇಕರಿದ್ದಾರೆ.

ಮಾಲ್ಗುಡಿಯ ಆಲ್ಬರ್ಟ್ ಮಿಷನ್ ಶಾಲೆಗೆ ರಾಜಮ್ ಎಂಬ ಹುಡುಗನು ಬರುತ್ತಾನೆ. ಪೊಲೀಸ್ ಸೂಪರಿಂಟೆಂಡೆಂಟರ ಮಗ, ಮದರಾಸಿನಲ್ಲಿ ಓದಿದವನು, ಅವನ ಇಂಗ್ಲಿಷ್ ಮಾತು ದೊರೆಗಳ ಮಾತಿನಂತಿದೆ. ಅದುವರೆಗೆ ತರಗತಿಯಲ್ಲಿ ತೋಳ್ಬಲದ ದೊರೆತನ ಮಣಿಯದು. ಹೊಸಬನು ಮಣಿಗೆ ಏನನ್ನೂ ಮಾಡಿಲ್ಲ. ಹೆದರಲಿಲ್ಲ, ಅಷ್ಟೇ ಅವನ ಅಪರಾಧ. ಇವನನ್ನು ಕಟ್ಟಿ ಸರಯೂ ನದಿಗೆ ಎಸೆದುಬಿಡಬೇಕೆಂದು ಮಣಿ ಯೋಚಿಸುತ್ತಾನೆ. ಸ್ವಾಮಿಯ ಸ್ಥಿತಿ ಇನ್ನೂ ಸ್ವಾರಸ್ಯವಾದದ್ದು. ಒಳಗೊಳಗೆ ಅವನಿಗೆ ರಾಜಮನ ಮೇಲೆ ಮೆಚ್ಚುಗೆ. ಆದರೂ ಮಣಿಯ ಸ್ನೇಹ ತಪ್ಪೀತೆಂಬ ಅಂಜಿಕೆಯಿಂದ ಅವನು ಹಗೆತನದಲ್ಲಿ ಪಾಲುಗಾರನಾಗುತ್ತಾನೆ. ಗುಂಪುಗೂಡಿ ಕಾಟ ಕೊಡುವ ಮಕ್ಕಳಲ್ಲಿ ಎಲ್ಲರಿಗೂ ಹೊಟ್ಟೆಕಿಚ್ಚಿರುವುದಿಲ್ಲ. ಒಬ್ಬಿಬ್ಬರಿಗೆ ಇದ್ದರೆ ಸಾಕು. ಉಳಿದವರಿಗೆ ತಾವೂ ಹೊರಗಾದೇವೆಂಬ ಭಯವಿರುತ್ತದೆ.

ಕೊನೆಗೆ ಮಣಿ ದೊಣ್ಣೆಯನ್ನೂ ರಾಜಮ್ ಗಾಳಿಬಂದೂಕನ್ನೂ ಹಿಡಿದು ನದಿಯ ದಂಡೆಯಲ್ಲಿ ಎದುರಾಗುತ್ತಾರೆ. ಮಾತಿಗೆ ಮಾತು ಬೆಳೆದು ಕಾರಣವೇನೆಂದು ಕೇಳಿಕೊಂಡಾಗ ಹೇಳತಕ್ಕ ಕಾರಣವೇ ಸಿಕ್ಕುವುದಿಲ್ಲ. ಹಗೆ ಕರಗಿ ಸ್ನೇಹವಾಗುತ್ತದೆ. ಆದರೆ ಗ್ರಂಥಕರ್ತರು ಅಲ್ಲಿಗೇ ನಿಲ್ಲಿಸುವುದಿಲ್ಲ. ಈಗ ಸ್ವಾಮಿಯ ಹಳೆಯ ಗೆಳೆಯರಾದ ಸೋಮು, ಶಂಕರ ಮೊದಲಾದವರು ಅವನನ್ನು ರಾಜಮನ 'ಬಾಲ' ಎಂದು ಕರೆದು ದೂರವಿಡುತ್ತಾರೆ. ಹೊರಗಿನವನು ಸ್ಥಾನಬಲವುಳ್ಳವನು, ಕೈಗೆಟುಕುವುದಿಲ್ಲ. ಅವನ ಹತ್ತಿರ ಹೋದ ತಮ್ಮವನು ಎಟುಕುತ್ತಾನೆ. ಅಸೂಯೆಯ ಪೆಟ್ಟು ಅನೇಕ ವೇಳೆ ಬೀಳುವುದು ಹೀಗೆ ಎಟುಕುವವನ ಮೇಲೆ.

ಇದು ಹೊಸಕಾಲದ ಶಾಲೆಯಲ್ಲಿ ಹುಟ್ಟಿದ ರೋಗವಲ್ಲ. ಪಂಪನೂ ಕುಮಾರವ್ಯಾಸನೂ ನಮಗೆ ಕನ್ನಡದಲ್ಲಿ ಕೊಟ್ಟಿರುವ ಭಾರತದ ಕಥೆಯ ಬೇರು ಎಲ್ಲಿದೆ? ಪಾಂಡುವು ತೀರಿಕೊಂಡಮೇಲೆ ಶತಶೃಂಗದ ಋಷಿಗಳು ಕುಂತಿಯನ್ನೂ ಐವರು ಹುಡುಗರನ್ನೂ ಹಸ್ತಿನಾವತಿಗೆ ಕರೆತಂದು ಬಿಡುತ್ತಾರೆ. ಕಾಡಿನಿಂದ ಬಂದ ಆ ಮಕ್ಕಳು ಅರಮನೆಯ ಹುಡುಗರ ಕಣ್ಣಿಗೆ ಹೊರಗಿನವರು. ಓಟದಲ್ಲಿ, ಈಜಿನಲ್ಲಿ, ಊಟದಲ್ಲಿ ಭೀಮನೇ ಮುಂದು. ಅವನೂ ಸಾಧುವಲ್ಲ; ಕೌರವರು ಹಣ್ಣಿಗೆಂದು ಮರ ಹತ್ತಿದರೆ ಮರವನ್ನೇ ಅಲ್ಲಾಡಿಸಿ ಉದುರಿಸುತ್ತಿದ್ದನು. ಅದು ದ್ರೋಹದಿಂದಲ್ಲ, ಹುಡುಗುತನದಿಂದ ಎಂದು ವ್ಯಾಸರೇ ವಿವರಿಸುತ್ತಾರೆ. ದುರ್ಯೋಧನನು ಅದಕ್ಕೆ ಪ್ರತಿಯಾಗಿ ವಿಷದ ಅನ್ನವಿಕ್ಕಿ, ಮೈಮರೆತವನನ್ನು ಬಳ್ಳಿಗಳಿಂದ ಬಿಗಿದು ಗಂಗೆಗೆ ನೂಕಿದನು. ಭೀಮನು ಬದುಕಿ ಬಂದಾಗ ಹಿರಿಯರು ಮಾಡಿದ್ದೇನು? ಇನ್ನೂ ಹೆಚ್ಚಿನ ಕೇಡಾದೀತೆಂಬ ಭಯದಿಂದ ವಿದುರನಂಥ ವಿವೇಕಿಯೂ ಮೌನವನ್ನೇ ಬೋಧಿಸಿದನು. ಆ ಮೌನ ಎಲ್ಲಿಗೆ ಮುಟ್ಟಿತೆಂಬುದು ನಮಗೆ ತಿಳಿದೇ ಇದೆ.

ಮುಂದಿನ ನೋಟ ಇನ್ನೂ ಕಠಿನವಾದದ್ದು. ಶಸ್ತ್ರವಿದ್ಯೆಯ ಪ್ರದರ್ಶನದ ಕಣದಲ್ಲಿ ಕರ್ಣನು ಅರ್ಜುನನಿಗೆ ಸರಿಗಟ್ಟಿ ನಿಂತಾಗ, ಸೂತನ ಮಗನಿಗೆ ಚಾವಟಿಯೇ ಸಾಕೆಂದು ಹಂಗಿಸಿದವನು ಅದೇ ಭೀಮ. ಏಕಲವ್ಯನ ಕೈಚಳಕವನ್ನು ಕಂಡು ಅರ್ಜುನನು ದ್ರೋಣರಲ್ಲಿ ಕೊರಗಿದನು. ಗುರುವು ಬೆರಳನ್ನು ಬೇಡಿದನು. ನಿನ್ನೆ ನೊಂದವನೇ ಇಂದು ನೋಯಿಸಬಲ್ಲನು. ನಿನ್ನ ಸಮಾನರಿಲ್ಲವೆಂದು ಒಬ್ಬ ಶಿಷ್ಯನಿಗೆ ಮಾತು ಕೊಟ್ಟ ಗುರುವು ಇನ್ನೊಬ್ಬನ ಬೆರಳಿಗೆ ಎರವಾಗಬಲ್ಲನು.

ಇದು ಕಾವ್ಯದ ಮಾತಾಯಿತು. ನಮ್ಮ ಊರುಗಳಲ್ಲಿ ಇದಕ್ಕೆ ಅವಕಾಶವಿಲ್ಲವೆ? ಮಧುಗಿರಿ, ಪಾವಗಡದ ಕಡೆಯ ಸೀಮೆಯನ್ನು ನೆನೆಯಿರಿ. ಪಾವಗಡ ತಾಲ್ಲೂಕನ್ನು ಬಹುಪಾಲು ಆಂಧ್ರದ ನೆಲವೇ ಬಳಸಿಕೊಂಡಿದೆ. ಕ್ಯಾತಗಾನಚೆರ್ಲು ಎಂಬ ಹೆಸರಿನಲ್ಲಿಯೇ ತೆಲುಗಿನ ದನಿ ಕೇಳುತ್ತದೆ. ಮನೆಯಲ್ಲಿ ತೆಲುಗಾಡುವ ಮಗು ಶಾಲೆಯಲ್ಲಿ ಕನ್ನಡವನ್ನು ಓದುವುದು ಅಲ್ಲಿ ಹೊಸತಲ್ಲ. ಅಂಥ ಮಗುವು ಕನ್ನಡದ ಪಾಠವನ್ನು ತಡವರಿಸಿ ಓದಿದರೆ ಉಳಿದವರು ನಗಬಹುದು. ಆ ನಗೆ ಬೇಗ ಮರೆತುಹೋಗುತ್ತದೆ. ಅದೇ ಮಗು ಎಲ್ಲರಿಗಿಂತ ಚೆನ್ನಾಗಿ ಓದಿ ಹೊಗಳಿಕೆ ಪಡೆದ ದಿನ ಕೇಳುವ ನಗೆ ಬೇರೆ. ಮೊದಲನೆಯದು ತಿಳಿಯದೆ ಮಾಡಿದ ಹಾಸ್ಯ, ಎರಡನೆಯದು ಅಸೂಯೆ. ಇವೆರಡರ ಭೇದವನ್ನು ಅರಿಯುವುದು ಉಪಾಧ್ಯಾಯನ ಮೊದಲ ಕರ್ತವ್ಯ.

ಹಾಗಾದರೆ ಪರಿಹಾರವೇನು? ಹೊಸಬನನ್ನು ಹೊಗಳುವುದಕ್ಕಾಗಿ ಹಳಬರನ್ನು ಹಳಿಯಬಾರದು. "ಅವನನ್ನು ನೋಡಿ ಕಲಿ" ಎಂಬ ಹಿರಿಯರ ಒಂದು ಮಾತು ಎಷ್ಟೋ ವೇಳೆ ಕಿಚ್ಚಿಗೆ ತುಪ್ಪವಾಗಿರುತ್ತದೆ. ನೊಂದ ಮಗುವಿಗೆ ಸುಮ್ಮನಿರೆಂದು ಹೇಳಬಾರದು. ವಿದುರನ ವಿವೇಕವೂ ಅಲ್ಲಿ ಸೋತಿತು. ಎದುರಾಳಿಗಳನ್ನು ಕೂಡಿಸಿ ಕಾರಣ ಕೇಳಿದರೆ, ಸರಯೂ ದಂಡೆಯಲ್ಲಾದಂತೆ, ಕಾರಣವು ತಾನಾಗಿ ಕರಗಿದರೂ ಕರಗೀತು. ಮಕ್ಕಳಿಗೆ ಅಂಥ ಕಥೆಗಳನ್ನು ಓದಿ ಹೇಳುವುದರಲ್ಲಿಯೂ ಪ್ರಯೋಜನವುಂಟು. "ನೀನು ಅಸೂಯೆಪಟ್ಟೆ" ಎಂದರೆ ಯಾವ ಹುಡುಗನೂ ಒಪ್ಪಲಾರನು. ಮಣಿಯ ಕಥೆಯನ್ನು ಕೇಳಿ ನಕ್ಕವನು, ನಕ್ಕಮೇಲೆ ಒಂದು ಗಳಿಗೆ ತನ್ನನ್ನು ತಾನು ನೋಡಿಕೊಂಡಾನು. ಆ ಒಂದು ಗಳಿಗೆಯಲ್ಲಿ, ಬಯಲಿನಲ್ಲಿ ಒಂಟಿಯಾಗಿ ನಿಂತಿರುವ ಹೊಸ ಹುಡುಗನನ್ನು ಆಟಕ್ಕೆ ಕರೆಯುವ ಧ್ವನಿಯೊಂದು ಹುಟ್ಟಬಹುದು.