ಬೈಸಿಕಲ್ ಸವಾರನ ಶಿರಸ್ತ್ರಾಣ: ಅದು ಮಿದುಳನ್ನು ಕಾಪಾಡಬಲ್ಲುದೆ?

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರಿನಿಂದ ವಿದ್ಯಾರ್ಥಿಯೊಬ್ಬನು ಬೈಸಿಕಲ್ಲನ್ನೇರಿ ಶಾಲೆಗೆ ಹೊರಟಿರುವನೆಂದು ಭಾವಿಸೋಣ. ಎದುರಿನ ಗಾಡಿಗೆ ದಾರಿ ಬಿಡಲು ಹೋಗಿ ಮುಂದಿನ ಚಕ್ರ ಜಲ್ಲಿಯ ಮೇಲೆ ಜಾರುತ್ತದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅವನ ತಲೆ ನೆಲಕ್ಕೆ ಬಡಿಯುತ್ತದೆ. ಆಗ ತಲೆಯ ಮೇಲೆ ಶಿರಸ್ತ್ರಾಣ, ಎಂದರೆ ಹೆಲ್ಮೆಟ್, ಇದ್ದಿದ್ದರೆ ಏನು ವ್ಯತ್ಯಾಸವಾಗುತ್ತಿತ್ತು? 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ಹಂಚಲಾರಂಭಿಸಿದ ಮೇಲೆ ಹಳ್ಳಿಹಳ್ಳಿಯ ಬಾಲಕ ಬಾಲಕಿಯರು ಸವಾರರಾದರು. ಆದುದರಿಂದ ಈ ಪ್ರಶ್ನೆ ನಮ್ಮ ಮನೆಬಾಗಿಲಿನದೇ ಆಗಿದೆ.

ಮಿದುಳಿನ ತೂಕ ಸುಮಾರು 1,400 ಗ್ರಾಂ. ಮೃದುವಾದ ಈ ಅಂಗವು ತಲೆಬುರುಡೆಯೆಂಬ ಗಟ್ಟಿ ಪೆಟ್ಟಿಗೆಯಲ್ಲಿ, ತೆಳುವಾದ ದ್ರವದ ನಡುವೆ ತೇಲುತ್ತಿರುತ್ತದೆ. ಬುರುಡೆಯು ಥಟ್ಟನೆ ನಿಂತಾಗ ಮಿದುಳು ಒಡನೆಯೇ ನಿಲ್ಲಲಾರದು. ಜಡತ್ವದಿಂದ ಮುಂದಕ್ಕೆ ಸಾಗಿ ಬುರುಡೆಯ ಗೋಡೆಗೆ ಒತ್ತಲ್ಪಡುತ್ತದೆ.

ಇಲ್ಲಿ ಸ್ವಲ್ಪ ಗಣಿತವನ್ನು ನೋಡೋಣ. ತಲೆಯು 1.5 ಮೀಟರ್ ಎತ್ತರದಿಂದ ಬಿದ್ದರೆ, ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಚರ್ಮವು 3 ಮಿಲಿಮೀಟರ್ ಕುಗ್ಗುವುದರೊಳಗೆ ಈ ವೇಗವೆಲ್ಲ ಅಳಿಯಬೇಕಾದರೆ, ಸರಾಸರಿ ವೇಗಾಪಕರ್ಷವು ಗುರುತ್ವ ವೇಗೋತ್ಕರ್ಷದ 500 ಮಡಿಯಾಗುತ್ತದೆ. ಅದೇ ತಲೆ 20 ಮಿಲಿಮೀಟರ್ ದೂರದಲ್ಲಿ ನಿಂತರೆ 75 ಮಡಿ ಮಾತ್ರ! ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿ, ಓದುಗರೇ ಇದನ್ನು ತಾಳೆ ನೋಡಬಹುದು.

ಹೆಲ್ಮೆಟ್ಟಿನ ಗುಟ್ಟೆಲ್ಲ ಈ ಕೆಲವು ಮಿಲಿಮೀಟರುಗಳಲ್ಲಿದೆ. ಅದರ ಒಳಪದರವು ನಾವು ಥರ್ಮೋಕೋಲ್ ಎಂದು ಕರೆಯುವ ಹಗುರ ವಸ್ತುವಿನ ಜಾತಿಯದು. ಪೆಟ್ಟು ಬಿದ್ದಾಗ ಅದು ಪುಡಿಯಾಗಿ ಕುಗ್ಗಿ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಒಮ್ಮೆ ಕುಗ್ಗಿದ ಪದರ ಮತ್ತೆ ಉಬ್ಬದು. ಆದುದರಿಂದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಪುನಃ ಧರಿಸಬಾರದು.

ಆದರೆ ನೇರ ಪೆಟ್ಟೊಂದೇ ಶತ್ರುವಲ್ಲ. ಓರೆಯಾಗಿ ಬಿದ್ದ ತಲೆ ಗಿರ್ರನೆ ತಿರುಗುತ್ತದೆ. ಗಟ್ಟಿ ಮೊಸರಿನ ಪಾತ್ರೆಯನ್ನು ಥಟ್ಟನೆ ತಿರುಗಿಸಿದರೆ ಪಾತ್ರೆ ತಿರುಗಿ ಮೊಸರು ಹಿಂದುಳಿದು ಬಿರಿಯುವಂತೆ, ಮಿದುಳಿನ ನರತಂತುಗಳೂ ಎಳೆಯಲ್ಪಟ್ಟು ಹರಿಯಬಲ್ಲವು. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್‌ಬೋರ್ನ್ ಜಿಲಟಿನ್ ಮಾದರಿಗಳಿಂದ 1943ರಲ್ಲಿ ಇದನ್ನು ತೋರಿಸಿಕೊಟ್ಟರು. ತಿರುಚುವಿಕೆಯನ್ನು ತಡೆಯುವುದರಲ್ಲಿ ಸಾಮಾನ್ಯ ಹೆಲ್ಮೆಟ್ಟಿನ ಸಾಮರ್ಥ್ಯ ಕಡಮೆ. ಇದನ್ನು ತಗ್ಗಿಸಲೆಂದೇ ಒಳಗೆ ಜಾರುವ ಪದರವುಳ್ಳ ಹೆಲ್ಮೆಟ್ಟುಗಳು ಬಂದಿವೆ.

ಅನುಭವ ಏನನ್ನು ಹೇಳುತ್ತದೆ? 1935ರಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾದ ಟಿ. ಇ. ಲಾರೆನ್ಸರನ್ನು ನೋಡಿಕೊಂಡ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಒಬ್ಬರು. ಲಾರೆನ್ಸ್ ಉಳಿಯಲಿಲ್ಲ. ಕೇರ್ನ್ಸ್ 1941ರಲ್ಲಿ ಸವಾರರ ಹೆಲ್ಮೆಟ್ ಕುರಿತು ಲೇಖನ ಪ್ರಕಟಿಸಿದರು. ಬೈಸಿಕಲ್ಲಿನ ವಿಷಯದಲ್ಲಿ, 1989ರ ಸಿಯಾಟಲ್ ಅಧ್ಯಯನವು ಮಿದುಳಿನ ಗಾಯದ ಅಪಾಯ ಶೇಕಡ 88ರಷ್ಟು ತಗ್ಗುವುದೆಂದಿತು. ಹೆಲ್ಮೆಟ್ ಧರಿಸುವವರು ಮೊದಲೇ ಜಾಗರೂಕರಿರಬಹುದೆಂಬ ಆಕ್ಷೇಪ ಎದ್ದಿತು, ಅದು ನ್ಯಾಯವಾದುದೇ. ಆಲಿವಿಯೆ ಮತ್ತು ಕ್ರೈಟನ್ 2016ರಲ್ಲಿ 40 ಅಧ್ಯಯನಗಳನ್ನು, 64,000ಕ್ಕೂ ಹೆಚ್ಚು ಗಾಯಾಳುಗಳ ವಿವರಗಳೊಡನೆ, ಒಟ್ಟುಗೂಡಿಸಿದಾಗ ತಲೆಯ ತೀವ್ರ ಗಾಯದ ಸಂಭವಾನುಪಾತ ಶೇಕಡ 69ರಷ್ಟು ಕಡಮೆಯೆಂದು ಕಂಡುಬಂದಿತು. ಮೊದಲಿನ ಅಂಕಿ ಇಳಿಯಿತು. ಪ್ರಯೋಜನ ಮಾತ್ರ ಅಳಿಯಲಿಲ್ಲ.

ಮಿತಿಯನ್ನೂ ಮರೆಯಲಾಗದು. ವೇಗ ಇಮ್ಮಡಿಸಿದರೆ ಚಲನಶಕ್ತಿ ನಾಲ್ಮಡಿಸುತ್ತದೆ. ವೇಗವಾಗಿ ಬರುವ ಲಾರಿಯ ಹೊಡೆತವನ್ನು ಎರಡು ಬೆರಳು ದಪ್ಪದ ಪದರ ತಡೆದೀತೆಂದು ನಂಬುವುದು ಅವಿವೇಕ. ಒಳ್ಳೆಯ ರಸ್ತೆ, ಸರಿಯಾದ ಬ್ರೇಕು, ರಾತ್ರಿಯ ದೀಪ, ನಿಧಾನವಾಗಿ ಸಾಗುವ ವಾಹನಗಳು ಇವೆಲ್ಲವೂ ಬೇಕು. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಪ್ರಕರಣವು ಮೋಟಾರ್ ಸೈಕಲ್ ಸವಾರರಿಗೆ ಅನ್ವಯಿಸುವುದೇ ಹೊರತು ಬೈಸಿಕಲ್ಲಿಗಲ್ಲ. ಆದಕಾರಣ ನಿರ್ಧಾರ ಸವಾರನದೇ.

ಮುರಿದ ಕೈಮೂಳೆ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಹರಿದ ನರತಂತುಗಳು ಬಹುಮಟ್ಟಿಗೆ ಕೂಡಿಕೊಳ್ಳವು. ಹಣೆಯನ್ನು ಮುಚ್ಚುವಂತೆ ಹೆಲ್ಮೆಟ್ ಧರಿಸಿ, ಗಲ್ಲದ ಕೆಳಗೆ ಪಟ್ಟಿಯನ್ನು ಬಿಗಿದು ಹೊರಟ ವಿದ್ಯಾರ್ಥಿಯು ಕಲಿತ ಪಾಠವನ್ನಷ್ಟೇ ಅಲ್ಲದೆ, ಕಲಿಯುವ ಶಕ್ತಿಯನ್ನೂ ಜೋಪಾನವಾಗಿ ಮನೆಗೆ ತರುತ್ತಾನೆ.